ಕಿತ್ತು ತಂದರೆ ಬದುಕದ ಗಿಡ, ಕಾದರೆ ಅರಳುವ ಗಿರಿ

ಚಿಕ್ಕಮಗಳೂರು ಪೇಟೆಯಿಂದ ಬಾಬಾಬುಡನ್‌ಗಿರಿಯ ಕಡೆಗೆ ಹೊರಟ ರಸ್ತೆ ಕೈಮರದವರೆಗೆ ಸೌಮ್ಯವಾಗಿಯೇ ಸಾಗುತ್ತದೆ. ಅಲ್ಲಿಂದ ಮುಂದೆ ಅದರ ಸ್ವಭಾವವೇ ಬೇರೆ. ಒಂದು ಪಕ್ಕ ಕಾಫಿ ತೋಟ, ಇನ್ನೊಂದು ಪಕ್ಕ ಕಣಿವೆ, ನಡುವೆ ಒಂದರ ಮೇಲೊಂದು ತಿರುವು. ಸಿಲ್ವರ್ ಓಕ್ ಮರಗಳು ಹಿಂದೆ ಸರಿದಂತೆ ಗಾಳಿ ತಣ್ಣಗಾಗುತ್ತದೆ, ಮರಗಳು ಗಿಡ್ಡವಾಗುತ್ತವೆ, ಕೊನೆಗೆ ಮರಗಳೇ ಇಲ್ಲದ ಹಸಿರು ಬೋಳುಗುಡ್ಡಗಳು ಎದುರಾಗುತ್ತವೆ. ಇದೇ ಚಂದ್ರದ್ರೋಣ ಪರ್ವತ. ಬಾಲಚಂದ್ರನ ಹಾಗೆ ಬಾಗಿದ ಈ ಗಿರಿಸಾಲಿನಲ್ಲಿ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇದೆ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇನ್ನೊಂದಿಲ್ಲ.

ಗುಡ್ಡಗಳು ಬೋಳು ಎಂದು ಮೊದಲ ನೋಟಕ್ಕೆ ಅನಿಸುವುದು ನಿಜ. ಆದರೆ ಇಲ್ಲಿ ಬೋಳು ಎಂಬುದು ಯಾವುದೂ ಇಲ್ಲ. ಗುಡ್ಡಗಳ ಮಡಿಕೆಗಳಲ್ಲಿ, ನೀರು ಹರಿಯುವ ಕಡೆ, ಕುರಿಯ ಉಣ್ಣೆಯಂತೆ ಒತ್ತೊತ್ತಾಗಿ ಬೆಳೆದ ಶೋಲಾ ಕಾಡು. ಗಾಳಿಗೆ ಒಡ್ಡಿಕೊಂಡ ಇಳಿಜಾರುಗಳಲ್ಲಿ ಹುಲ್ಲು. ಈ ಹುಲ್ಲೂ ಶೋಲೆಯೂ ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತವೆ. ಕಡೂರಿನ ಬಯಲಿಗೆ ಹರಿಯುವ ವೇದಾವತಿ ನದಿಯ ಮೂಲ ಈ ಗಿರಿಯಲ್ಲೇ ಇದೆ. ಸಖರಾಯಪಟ್ಟಣದ ಬಳಿಯ ವಿಶಾಲವಾದ ಅಯ್ಯನಕೆರೆ ತುಂಬುವುದೂ ಈ ಗಿರಿಯಿಂದ ಇಳಿದ ನೀರಿನಿಂದಲೇ.

ಈ ಹುಲ್ಲಿನ ನಡುವೆ ಮೊಣಕಾಲೆತ್ತರದ ಒಂದು ಪೊದೆ ಇದೆ. ಒರಟು ಎಲೆ, ಗಂಟು ಗಂಟಾದ ಕಡ್ಡಿ. ಅದನ್ನು ತಿರುಗಿ ನೋಡುವವರು ಅಪರೂಪ. ಪ್ರವಾಸಿಗರು ಅದನ್ನು ತುಳಿದುಕೊಂಡೇ ಸೀತಾಳಯ್ಯನಗಿರಿಯ ಕಡೆಗೆ ನಡೆದುಹೋಗುತ್ತಾರೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹನ್ನೊಂದು ವರ್ಷ ಅದು ಹೀಗೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಹನ್ನೆರಡನೆಯ ವರ್ಷ ಮಾತ್ರ ಇಡೀ ನಾಡೇ ಅದನ್ನು ನೋಡಲು ಗಿರಿ ಹತ್ತುತ್ತದೆ.

2022ರ ಸೆಪ್ಟೆಂಬರ್

2022ರ ಸೆಪ್ಟೆಂಬರ್ ತಿಂಗಳಿನಲ್ಲಿ ಆದದ್ದು ಇದೇ. ಮುಂಗಾರಿನ ಜೋರು ಇಳಿದು ಮಂಜು ಸರಿದಾಗ ಚಂದ್ರದ್ರೋಣದ ಇಳಿಜಾರುಗಳು ನೀಲಿಯಾಗಿದ್ದವು. ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ, ಮೊಬೈಲ್ ಫೋನುಗಳಲ್ಲಿ ನೀಲಕುರಿಂಜಿಯದೇ ಚಿತ್ರ. ಅದಕ್ಕೂ ಹಿಂದಿನ ವರ್ಷ, 2021ರಲ್ಲಿ, ಕೊಡಗಿನ ಮಾಂದಲಪಟ್ಟಿಯ ಬೆಟ್ಟಗಳೂ ಹೀಗೆಯೇ ಅರಳಿ ಸುದ್ದಿಯಾಗಿದ್ದವು. ಕೇರಳದ ಮುನ್ನಾರಿನ ಸರದಿ 2018ರಲ್ಲಿ ಬಂದಿತ್ತು. ಆ ಆಗಸ್ಟಿನ ಮಹಾಮಳೆ, ಪ್ರವಾಹಗಳಿಂದಾಗಿ ಅಲ್ಲಿ ಹೂವಿನ ಸೊಬಗನ್ನು ಕಾಣಲು ಹೊರಟಿದ್ದ ಎಷ್ಟೋ ಮಂದಿಗೆ ಆ ಭಾಗ್ಯ ದೊರೆಯಲಿಲ್ಲ.

ಹೂವು ಅರಳಿದ ಗಿರಿಗಳಲ್ಲೆಲ್ಲ ಇನ್ನೊಂದು ದೃಶ್ಯವೂ ಕಾಣಸಿಗುತ್ತದೆ. ಹೂಗೊಂಚಲನ್ನು ಮುರಿದು ಮುಡಿಗೇರಿಸಿಕೊಳ್ಳುವವರು, ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುವವರು ಒಂದು ಬಗೆ. ಗಿಡವನ್ನೇ ಬೇರುಸಹಿತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮನೆಯ ಕುಂಡದಲ್ಲಿ ನೆಟ್ಟು ನೋಡೋಣ ಎಂದು ಕಾರಿನ ಡಿಕ್ಕಿಯಲ್ಲಿ ಇಡುವವರು ಇನ್ನೊಂದು ಬಗೆ. ಈ ಎರಡನೆಯವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಗಿಡವನ್ನು ಪ್ರೀತಿಸುವವರೇ. ಮಕ್ಕಳಿಗೆ ತೋರಿಸಬೇಕು, ಬೆಳೆಸಬೇಕು ಎಂಬ ಆಸೆ ಅವರದು. ಆದರೆ ಅವರು ಕಿತ್ತು ತಂದದ್ದು ಬೆಳೆಯುವ ಗಿಡವನ್ನಲ್ಲ, ತನ್ನ ಆಯುಷ್ಯದ ಕೊನೆಯ ತಿಂಗಳುಗಳನ್ನು ಎಣಿಸುತ್ತಿರುವ ಗಿಡವನ್ನು. ಅದು ಯಾವ ಕುಂಡದಲ್ಲಿಯೂ ಇನ್ನೊಮ್ಮೆ ಅರಳುವುದಿಲ್ಲ. ಏಕೆ ಎಂಬುದು ವಿದ್ಯಾರ್ಥಿಗಳು ಅರಿಯಬೇಕಾದ ಒಂದು ಸೊಗಸಾದ ಪಾಠ.

ಒಮ್ಮೆ ಹೂವು, ಒಮ್ಮೆ ಸಾವು

ನೀಲಕುರಿಂಜಿಯ ಸಸ್ಯಶಾಸ್ತ್ರೀಯ ಹೆಸರು ಸ್ಟ್ರೋಬಿಲಾಂಥಿಸ್ ಕುಂತಿಯಾನ. ಈ ಕುಲದಲ್ಲಿ 350ಕ್ಕೂ ಹೆಚ್ಚು ಜಾತಿಯ ಗಿಡಗಳಿವೆ. ಮಲೆನಾಡಿನಲ್ಲಿ ಈ ಬಳಗದ ಗಿಡಗಳನ್ನು ಗುರಿಗೆ ಎಂದು ಕರೆಯುವ ರೂಢಿ ಇದೆ. ಆಡುಸೋಗೆ, ಗೋರಂಟೆ ಗಿಡಗಳು ಸೇರಿರುವ ಅಕ್ಯಾಂಥೇಸಿ ಕುಟುಂಬಕ್ಕೇ ಇದೂ ಸೇರಿದೆ. ಸುಮಾರು 1,300ರಿಂದ 2,400 ಮೀಟರ್ ಎತ್ತರದ ಹುಲ್ಲುಗಾವಲುಗಳು ಇದರ ತವರು. ಸಾಮಾನ್ಯವಾಗಿ ಒಂದೆರಡು ಅಡಿ ಎತ್ತರಕ್ಕೆ ಬೆಳೆಯುತ್ತದೆ. ತಮಿಳಿನ ಪ್ರಾಚೀನ ಸಂಗಂ ಸಾಹಿತ್ಯ ಮಲೆಯ ಸೀಮೆಗೆ ಇದರ ಹೆಸರನ್ನೇ ಕೊಟ್ಟು ಕುರಿಂಜಿ ಎಂದು ಕರೆದಿದೆ. ಕೊಡೈಕನಾಲಿನಲ್ಲಿ ಕುರಿಂಜಿ ಆಂಡವರ್ ಎಂಬ ಹೆಸರಿನ ಮುರುಗನ್ ಗುಡಿ ಇದೆ. ನೀಲಗಿರಿಗೆ ಆ ಹೆಸರು ಬಂದದ್ದೂ ಈ ಹೂವಿನಿಂದಲೇ ಎಂದು ಹೇಳುವವರಿದ್ದಾರೆ. ತಮಿಳುನಾಡಿನ ಬೆಟ್ಟಗಳ ಪಳಿಯರು ತಮ್ಮ ವಯಸ್ಸನ್ನು ಈ ಹೂವಿನ ಲೆಕ್ಕದಲ್ಲಿ ಹೇಳುತ್ತಿದ್ದರಂತೆ. ಮೂರು ಕುರಿಂಜಿ ಕಂಡವನೆಂದರೆ ಕಡಿಮೆಯೆಂದರೂ ಇಪ್ಪತ್ತನಾಲ್ಕು ದಾಟಿದವನೆಂದೇ ಅರ್ಥ!

ತರಗತಿಯಲ್ಲಿ ಗಿಡಗಳನ್ನು ಏಕವಾರ್ಷಿಕ, ಬಹುವಾರ್ಷಿಕ ಎಂದು ವಿಂಗಡಿಸಲು ಕಲಿಸುತ್ತಾರೆ. ತುಂಬೆ, ಚೆಂಡುಹೂವಿನಂಥವು ಒಂದು ವರ್ಷದೊಳಗೆ ಹುಟ್ಟಿ, ಹೂಬಿಟ್ಟು, ಸಾಯುತ್ತವೆ. ಮಾವು, ದಾಸವಾಳಗಳು ಹಲವು ವರ್ಷ ಬದುಕಿ ಮತ್ತೆ ಮತ್ತೆ ಹೂಬಿಡುತ್ತವೆ. ನೀಲಕುರಿಂಜಿ ಈ ಎರಡರ ನಡುವೆ ನಿಂತು ನಮ್ಮ ವಿಂಗಡಣೆಯನ್ನು ಪರೀಕ್ಷೆ ಮಾಡುತ್ತದೆ. ಅದು ಬಹುವಾರ್ಷಿಕ ಗಿಡ, ಆದರೆ ಹೂಬಿಡುವುದು ಒಂದೇ ಸಲ. ಬಾಳೆಯ ದಿಂಡು ಗೊನೆ ಹಾಕಿದ ಮೇಲೆ ಸಾಯುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಬಾಳೆಗೆ ಪಕ್ಕದಲ್ಲಿ ಕಂದು ಇರುತ್ತದೆ, ವಂಶ ಮುಂದುವರಿಯುತ್ತದೆ. ಕುರಿಂಜಿಗೆ ಆ ಅನುಕೂಲವಿಲ್ಲ. ಬಿದಿರು ಮೆಳೆ ಅಕ್ಕಿ ಬಿಟ್ಟು ಒಣಗುವಂತೆ ಅದು ಬೇರಿನ ಸಮೇತ ಒಣಗುತ್ತದೆ. ಅದರ ಮುಂದಿನ ಪೀಳಿಗೆಯೆಲ್ಲ ಬೀಜದಲ್ಲಿಯೇ.

ಹಾಗಾದರೆ ಹನ್ನೊಂದು ವರ್ಷ ಅದು ಏನು ಮಾಡುತ್ತಿರುತ್ತದೆ? ಕೂಡಿಡುತ್ತಿರುತ್ತದೆ. ಮೊಳಕೆಯೊಡೆದ ಗಿಡ ಬಿರುಗಾಳಿ, ಬಿಸಿಲು, ಮಂಜು, ಮಳೆಗಳನ್ನು ಸಹಿಸುತ್ತ ಬೇರು ಬಿಡುತ್ತದೆ. ಎಲೆಗಳು ತಯಾರಿಸಿದ ಆಹಾರದಲ್ಲಿ ಅಷ್ಟಷ್ಟನ್ನು ಉಳಿಸಿಕೊಳ್ಳುತ್ತದೆ. ಬಡ ತಂದೆತಾಯಿ ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟು ಒಂದೇ ದಿನದಲ್ಲಿ ಖರ್ಚು ಮಾಡುವಂತೆ, ಹನ್ನೆರಡನೆಯ ವರ್ಷ ಇಡೀ ಗಂಟನ್ನು ಹೂವಿಗೆ, ಮಕರಂದಕ್ಕೆ, ಬೀಜಕ್ಕೆ ಸುರಿದುಬಿಡುತ್ತದೆ. ಆಮೇಲೆ ಬದುಕಲು ಅದರ ಬಳಿ ಏನೂ ಉಳಿದಿರುವುದಿಲ್ಲ.

ಎಲ್ಲರೂ ಒಟ್ಟಿಗೆ ಏಕೆ?

ಒಂದು ಗಿಡ ಹನ್ನೆರಡು ವರ್ಷ ಕಾಯುವುದು ಅಚ್ಚರಿಯಾದರೆ, ಒಂದು ಇಳಿಜಾರಿನ ಎಲ್ಲ ಗಿಡಗಳೂ ಒಂದೇ ವರ್ಷ ಅರಳುವುದು ಇನ್ನೂ ದೊಡ್ಡ ಅಚ್ಚರಿ. ಇದಕ್ಕೆ ಜೀವವಿಜ್ಞಾನಿಗಳು ಕೊಡುವ ವಿವರಣೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

ಒಂದು ಗುಡ್ಡದಲ್ಲಿ 1,200 ಗಿಡಗಳಿವೆ, ಪ್ರತಿ ಗಿಡ 100 ಬೀಜ ಕೊಡುತ್ತದೆ ಎಂದುಕೊಳ್ಳೋಣ. ಆ ಗುಡ್ಡದ ಕೀಟ, ಇಲಿ, ಹಕ್ಕಿಗಳೆಲ್ಲ ಸೇರಿ ವರ್ಷಕ್ಕೆ 20,000 ಬೀಜ ತಿನ್ನಬಲ್ಲವು. ಪ್ರತಿ ವರ್ಷ 100 ಗಿಡಗಳು ಮಾತ್ರ ಸರದಿಯಂತೆ ಹೂಬಿಟ್ಟರೆ ಸಿಗುವುದು 10,000 ಬೀಜ. ಅಷ್ಟೂ ಅವುಗಳ ಹೊಟ್ಟೆಗೇ ಸಾಲದು. ಹನ್ನೆರಡು ವರ್ಷ ಕಳೆದರೂ ಒಂದು ಮೊಳಕೆ ಏಳುವುದಿಲ್ಲ. ಬದಲಿಗೆ ಎಲ್ಲ ಗಿಡಗಳೂ ಒಂದೇ ವರ್ಷ ಹೂಬಿಟ್ಟರೆ 1,20,000 ಬೀಜ. ತಿನ್ನುವವರು ಹೊಟ್ಟೆ ಬಿರಿಯ ತಿಂದರೂ 1,00,000 ಬೀಜ ಉಳಿಯುತ್ತದೆ. ಮುಂದಿನ ಹನ್ನೊಂದು ವರ್ಷ ಬೀಜವೇ ಇಲ್ಲದ ಕಾರಣ ತಿನ್ನುವವರ ಸಂಖ್ಯೆಯೂ ಅದನ್ನು ನಂಬಿ ಹೆಚ್ಚುವುದಿಲ್ಲ. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತನ್ನು ಗಿಡವೂ ಕಲಿತಿದೆ!

ಈ ಲೆಕ್ಕ ಕುರಿಂಜಿಯದು ಮಾತ್ರವಲ್ಲ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಇದರ ಸೋದರಿಯಾದ ಕಾರ್ವಿ ಎಂಟು ವರ್ಷಕ್ಕೊಮ್ಮೆ ಅರಳುತ್ತದೆ. ಮುಂಬೈಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಅದು 2016ರಲ್ಲಿ ಅರಳಿ, ಮತ್ತೆ 2024ರಲ್ಲಿ ಅರಳಿತು. ಅದರ ಒಣಕಾಯಿಗಳು ಮರುವರ್ಷದ ಮೊದಲ ಮಳೆಗೆ ಒದ್ದೆಯಾಗಿ ಪಟಪಟನೆ ಸಿಡಿಯುತ್ತವೆ, ಬೀಜಗಳು ದೂರಕ್ಕೆ ಹಾರುತ್ತವೆ. ಶಾಲೆಯ ದಾರಿಯಲ್ಲಿ ಚಟಪಟ ಕಾಯಿಯನ್ನು ಎಂಜಲಿಗೆ ಅದ್ದಿ ಅಂಗೈಯಲ್ಲಿಟ್ಟುಕೊಂಡು ಸಿಡಿಸಿದ ಮಕ್ಕಳಿಗೆ ಈ ತಂತ್ರ ಹೊಸದೇನೂ ಅಲ್ಲ. ಆ ಗಿಡವೂ ಇದೇ ಕುಟುಂಬದ್ದು.

ಜೇನಿನ ಪಾಲು

ಲಕ್ಷ ಹೂಗಳು ಒಟ್ಟಿಗೆ ಅರಳಿದರೆ ಸಾಲದು, ಅವುಗಳಿಗೆ ಪರಾಗಸ್ಪರ್ಶವಾಗಬೇಕು. ಇಲ್ಲಿ ಬರುವ ಮುಖ್ಯ ಅತಿಥಿ ತುಡುವೆ ಜೇನು. ಪೊಟರೆಗಳಲ್ಲಿ, ಹುತ್ತಗಳಲ್ಲಿ ಗೂಡು ಕಟ್ಟುವ, ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ನಮ್ಮ ನಾಡಿನ ಜೇನಿದು. ಗಂಟೆಯಾಕಾರದ ನೀಲಿ ಹೂವಿನ ಬುಡದಲ್ಲಿ ಮಕರಂದವಿದೆ. ಅದಕ್ಕಾಗಿ ಜೇನು ಒಳನುಗ್ಗಿದಾಗ ಪರಾಗ ಅದರ ಮೈಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಂದ ಅದು ಮುಂದಿನ ಹೂವಿಗೆ, ಮುಂದಿನ ಗಿಡಕ್ಕೆ ಹೋಗುತ್ತದೆ. ಗುಡ್ಡವಿಡೀ ಅರಳಿರುವುದರಿಂದ ಜೇನಿಗೆ ಹೂವು ಹುಡುಕುವ ಶ್ರಮವಿಲ್ಲ. ಹೂವಿಗೆ ಜೇನನ್ನು ಕಾಯುವ ಚಿಂತೆಯಿಲ್ಲ.

ಮಲೆನಾಡಿನ ಜೇನು ಕೃಷಿಕರನ್ನು ಕೇಳಿದರೆ ಇದರ ಬೆಲೆ ತಿಳಿಯುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ಜೇನಿಗೆ ಸುಗ್ಗಿ. ಜೂನ್‌ನಿಂದ ಮಳೆ ಹಿಡಿಯಿತೆಂದರೆ ಬರಗಾಲ. ಹೊರಗೆ ಹಾರಲಾಗದು, ಹಾರಿದರೂ ಹೂವಿರದು. ಸಾಕಿದ ಕುಟುಂಬಗಳಿಗೆ ಸಕ್ಕರೆ ಪಾಕ ಕೊಟ್ಟು ಉಳಿಸಿಕೊಳ್ಳಬೇಕಾಗುತ್ತದೆ. ಕಾಡಿನ ಜೇನಿಗೆ ಪಾಕ ಕೊಡುವವರು ಯಾರು? ಮಳೆಗಾಲದ ಕೊನೆಗೆ ಅರಳುವ ಕಾಡುಹೂಗಳೇ ಕೊಡಬೇಕು. ಗುರಿಗೆಯ ಬಳಗದಲ್ಲಿ ವರ್ಷವರ್ಷವೂ ಅರಳುವ ಜಾತಿಗಳಿವೆ, ಹಲವು ವರ್ಷಕ್ಕೊಮ್ಮೆ ಅರಳುವ ಜಾತಿಗಳೂ ಇವೆ. ಒಂದು ಗುಡ್ಡದ ಸರದಿ ಇನ್ನೊಂದಕ್ಕಿಲ್ಲ. ಹೀಗೆ ಒಂದಿಲ್ಲೊಂದು ಕಡೆ ಜೇನಿಗೆ ಊಟ ಬಡಿಸಲಾಗುತ್ತಿರುತ್ತದೆ.

ಅದೇ ಜೇನು ಗಿರಿಯ ಕೆಳಗಿನ ತೋಟಗಳ ಕೆಲಸವನ್ನೂ ಮಾಡುತ್ತದೆ. ಏಲಕ್ಕಿ ಕಾಯಿಕಟ್ಟಲು ಜೇನು ಬೇಕೇ ಬೇಕು. ರೊಬಸ್ಟಾ ಕಾಫಿಗೆ ತನ್ನದೇ ಪರಾಗ ಸಲ್ಲದು, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಮೇಲೋ ಬರಬೇಕು. ಈ ಜೇನು ಎಷ್ಟು ನಾಜೂಕಿನ ಜೀವ ಎಂಬುದನ್ನು ನಾಡು ಒಮ್ಮೆ ಕಂಡಿದೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದಾಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾಗಿ, ಎಷ್ಟೋ ಮನೆಗಳ ಜೇನುಪೆಟ್ಟಿಗೆಗಳು ಅಟ್ಟ ಸೇರಿದವು. ಗಿರಿಯ ಮೇಲಿನ ಒಂದು ಕಾಡುಪೊದೆಗೂ ಊಟದ ಮನೆಯ ಪಾಯಸದ ಏಲಕ್ಕಿಗೂ ನಡುವೆ ಹೀಗೆ ಒಂದು ತೆಳು ದಾರವಿದೆ.

ಕಿತ್ತಾಗ ಕಳೆಯುವುದು ಏನು?

ಈಗ ಕಾರಿನ ಡಿಕ್ಕಿಯಲ್ಲಿಟ್ಟ ಗಿಡಕ್ಕೆ ಮರಳೋಣ. ಅದನ್ನು ತಂದವರು ಬೆಂಗಳೂರಿನ ತಾರಸಿಯ ಮೇಲೆ ಕೆಂಪುಮಣ್ಣು, ಗೊಬ್ಬರ, ನೀರು ಎಲ್ಲವನ್ನೂ ಕೊಡಬಹುದು. ಗಿರಿಯ ತಂಪು, ಮಂಜು, ನೀರು ನಿಲ್ಲದ ಇಳಿಜಾರುಗಳನ್ನು ಕೊಡಲಾರರು. ಕೊಟ್ಟರೂ ಪ್ರಯೋಜನವಿಲ್ಲ. ಹೂಬಿಟ್ಟ ಗಿಡದ ಕೆಲಸ ಮುಗಿದಿದೆ. ಆರೈಕೆಯ ಕೊರತೆಯಿಂದ ಅದು ಸಾಯುವುದಲ್ಲ, ಹುಟ್ಟುಗುಣದಿಂದಲೇ ಸಾಯುತ್ತದೆ. ಹೂವಿನೊಳಗೆ ಬೀಜ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಮನೆಗೆ ಬೀಜವೂ ಬರಲಿಲ್ಲ, ಗಿರಿಗೂ ಉಳಿಯಲಿಲ್ಲ.

ದಾಸವಾಳದ ಹೂ ಕಿತ್ತರೆ ನಾಳೆ ಇನ್ನೊಂದು ಅರಳುತ್ತದೆ. ಮಾವಿನ ಹೂ ಉದುರಿದರೆ ಮುಂದಿನ ವರ್ಷ ಇದೆ. ಕುರಿಂಜಿಯ ಗೊಂಚಲನ್ನು ಮುರಿದವರು ಮುರಿಯುವುದು ಆ ದಿನದ ಹೂವನ್ನಲ್ಲ, ಹನ್ನೆರಡು ವರ್ಷದ ದುಡಿಮೆಯನ್ನು. ಒಬ್ಬರು ಒಂದು ಗೊಂಚಲು ಕಿತ್ತರೆ ಏನಾದೀತು ಎನ್ನಬಹುದು. ಒಂದು ಭಾನುವಾರ ಗಿರಿ ಹತ್ತುವವರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ಮೇಲಿನ ಬೀಜದ ಲೆಕ್ಕವನ್ನು ನೆನಪಿಸಿಕೊಂಡರೆ ಸಾಕು. ತಿನ್ನುವವರನ್ನು ಮೀರಿಸುವಷ್ಟು ಬೀಜ ಇದ್ದರೆ ಮಾತ್ರ ಆ ತಂತ್ರ ಗೆಲ್ಲುತ್ತದೆ. ಕೀಟ, ಇಲಿಗಳ ಲೆಕ್ಕವನ್ನು ಗಿಡ ಲಕ್ಷಾಂತರ ವರ್ಷಗಳಲ್ಲಿ ಕಲಿತಿದೆ. ಕಾರಿನಲ್ಲಿ ಬರುವ ಮನುಷ್ಯನ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಕಾನೂನು ಕೂಡ ಈಗ ಗಿಡದ ಬೆಂಬಲಕ್ಕೆ ಬಂದಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ನೀಲಕುರಿಂಜಿ ಅದರ ಮೂರನೆಯ ಅನುಸೂಚಿಯ ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿತು. ಅರಣ್ಯದಲ್ಲಿ ಅದನ್ನು ಕೀಳುವುದು, ನಾಶಪಡಿಸುವುದು ಶಿಕ್ಷಾರ್ಹ ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿ ಎಂದು ಗುರುತಿಸಿತು. ಕೇರಳ ಸರ್ಕಾರವಂತೂ 2006ರಲ್ಲಿಯೇ ಇಡುಕ್ಕಿ ಜಿಲ್ಲೆಯಲ್ಲಿ ಸುಮಾರು 3,200 ಹೆಕ್ಟೇರ್ ಪ್ರದೇಶವನ್ನು ಕುರಿಂಜಿಮಲೆ ಅಭಯಾರಣ್ಯವೆಂದು ಘೋಷಿಸಿತ್ತು. ಚಹಾ ತೋಟ, ನೀಲಗಿರಿ ನೆಡುತೋಪುಗಳಿಗಾಗಿ ಮಲೆಯ ಹುಲ್ಲುಗಾವಲು ಕರಗುತ್ತ ಹೋದದ್ದೇ ಈ ಗಿಡದ ಸಂಕಟಕ್ಕೆ ದೊಡ್ಡ ಕಾರಣ. ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿಯುವ ಹಳೆಯ ತಪ್ಪು ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಬೆಳೆಸುವ ಆಸೆ ಇದ್ದರೆ

ಬೆಳೆಸುವ ಆಸೆ ಒಳ್ಳೆಯದೇ. ಅದಕ್ಕೆ ಗಿರಿಯನ್ನು ಬರಿದು ಮಾಡಬೇಕಾಗಿಲ್ಲ. ಕುರಿಂಜಿಯ ನೆಂಟರು ಊರೂರಿನ ಬೇಲಿಗಳಲ್ಲಿಯೇ ಇದ್ದಾರೆ.

ಮೊದಲನೆಯದು ಆಡುಸೋಗೆ. ಕೆಮ್ಮಿಗೆ ಕಷಾಯ ಮಾಡಲು ಅಜ್ಜಿಯರು ಹುಡುಕುವ ಗಿಡ. ಆಡೂ ಬಾಯಿ ಹಾಕದಷ್ಟು ಕಹಿ ಎಲೆ, ಆದ್ದರಿಂದ ಬೇಲಿಗೆ ಹೇಳಿ ಮಾಡಿಸಿದ್ದು. ಮುಂಗಾರಿನ ಮೊದಲಿಗೆ, ಮೂರು ನಾಲ್ಕು ಗಿಣ್ಣುಗಳಿರುವ ಗೇಣುದ್ದದ ಬಲಿತ ಕಡ್ಡಿಯನ್ನು ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಸಾಕು. ನೀರು ನಿಲ್ಲಬಾರದು, ಅಷ್ಟೆ. ಇದರ ಬಿಳಿಯ ಹೂವಿಗೆ ಎರಡು ತುಟಿಗಳಿವೆ. ಕೆಳತುಟಿಯ ಮೇಲಿನ ನೇರಳೆ ಗೆರೆಗಳು ಜೇನಿಗೆ ಮಕರಂದದ ದಾರಿ ತೋರಿಸುತ್ತವೆ. ಅದರ ಮೇಲೆ ಇಳಿದ ದುಂಬಿಯ ಬೆನ್ನಿಗೆ ಮೇಲ್ತುಟಿಯ ಅಡಿಯಲ್ಲಿರುವ ಪರಾಗಕೋಶ ಉಜ್ಜುವುದನ್ನು ಬರಿಗಣ್ಣಿನಲ್ಲೇ ಕಾಣಬಹುದು. ಮರ ಕೊರೆಯುವ ಕರಿಯ ದಪ್ಪ ದುಂಬಿಗೆ ಈ ಹೂವೆಂದರೆ ಬಲು ಪ್ರೀತಿ.

ಎರಡನೆಯದು ಗೋರಂಟೆ. ಹಳದಿ ಹೂವಿನ ಮುಳ್ಳುಗೋರಂಟೆ ಬಯಲುಸೀಮೆಯ ಒಣನೆಲದಲ್ಲೂ ಬದುಕುತ್ತದೆ. ನೇರಳೆ, ಬಿಳಿ ಹೂವಿನ ಗೋರಂಟೆಗಳನ್ನು ಹಿತ್ತಿಲುಗಳಲ್ಲಿ ಮುಡಿಯುವ ಹೂವಿಗೆಂದು ಹಿಂದಿನಿಂದಲೂ ಬೆಳೆಸುತ್ತ ಬಂದಿದ್ದಾರೆ. ಇವು ಕಡ್ಡಿಯಿಂದಲೂ ಬೀಜದಿಂದಲೂ ಬರುತ್ತವೆ. ಮಳೆ ಮುಗಿದು ಚಳಿ ಹತ್ತುವ ಹೊತ್ತಿಗೆ ಹೂಬಿಡುತ್ತವೆ. ಹೂ ಮುಗಿದ ಮೇಲೆ ಕೊಂಬೆಗಳನ್ನು ಅರ್ಧಕ್ಕೆ ಸವರಿದರೆ ಮುಂದಿನ ವರ್ಷ ಪೊದೆ ತುಂಬಿ ಬರುತ್ತದೆ. ಕೀಟನಾಶಕ ಸಿಂಪಡಿಸದಿದ್ದರೆ ಜೇನು, ಚಿಟ್ಟೆಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ.

ಶಾಲೆಯ ಕಾಂಪೌಂಡಿನ ಉದ್ದಕ್ಕೂ ಇಂಥ ಇಪ್ಪತ್ತು ಗಿಡಗಳಿದ್ದರೆ ಅದೊಂದು ಪ್ರಯೋಗಶಾಲೆ. ವಿದ್ಯಾರ್ಥಿಗಳು ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ ಒಂದು ಗಿಡದ ಮುಂದೆ ಕುಳಿತು ಯಾವ ಕೀಟ ಎಷ್ಟು ಸಲ ಬಂತು, ಹೂವಿನ ಯಾವ ಭಾಗವನ್ನು ಮುಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಕೆಲವು ಮೊಗ್ಗುಗಳಿಗೆ ತೆಳು ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಕೀಟ ಬಾರದ ಹೂವಿನಲ್ಲಿ ಎಷ್ಟು ಕಾಯಿ, ಬಂದ ಹೂವಿನಲ್ಲಿ ಎಷ್ಟು ಕಾಯಿ ಎಂದು ಹೋಲಿಸಬಹುದು. ಇದಕ್ಕೆ ಸೂಕ್ಷ್ಮದರ್ಶಕ ಬೇಡ, ದುಡ್ಡೂ ಬೇಡ. ತಾಳ್ಮೆ ಬೇಕು.

ಗಿರಿಗೆ ಹೋಗುವವರಿಗೆ

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಬಸ್ಸುಗಳಿವೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಮಾರ್ಗವೂ ಆಯಿತು. ಪೇಟೆಯಿಂದ ಮುಳ್ಳಯ್ಯನಗಿರಿಗೆ ಸುಮಾರು 20 ಕಿಲೋಮೀಟರ್, ಬಾಬಾಬುಡನ್‌ಗಿರಿಗೆ ಸುಮಾರು 30. ಭಾನುವಾರ, ರಜಾದಿನಗಳನ್ನು ಬಿಟ್ಟು ಹೋದರೆ ಗಿರಿಗೂ ಸುಖ, ಹೋದವರಿಗೂ ಸುಖ. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು. ಕಾಲಡಿಯ ಹುಲ್ಲಿನಲ್ಲಿ ಬೆರಳುದ್ದದ ಕುರಿಂಜಿ ಸಸಿಗಳಿರಬಹುದು. ಬೀಡಿ, ಸಿಗರೇಟಿನ ಒಂದು ಕಿಡಿ ಬೇಸಿಗೆಯಲ್ಲಿ ಇಡೀ ಇಳಿಜಾರನ್ನು ಸುಡಬಲ್ಲದು.

ಹೂವಿಲ್ಲದ ವರ್ಷ ಹೋಗಿ ಮಾಡುವುದೇನು ಎಂದು ಮಕ್ಕಳು ಕೇಳಿಯಾರು. ನಿಜವಾಗಿ ಹೋಗಬೇಕಾದದ್ದು ಆಗಲೇ. ಹನ್ನೆರಡರಲ್ಲಿ ಹನ್ನೊಂದು ವರ್ಷ ಆ ಗಿಡ ಬದುಕುವುದು ಹಾಗೆಯೇ ತಾನೆ? ಒರಟು ಎಲೆಯ ಆ ಪೊದೆಯನ್ನು ಗುರುತು ಹಿಡಿಯಲು ಕಲಿತ ಮಗು ಅದನ್ನು ತುಳಿಯುವುದಿಲ್ಲ.

ಲೆಕ್ಕ ತಪ್ಪದಿದ್ದರೆ ಮುನ್ನಾರಿನಲ್ಲಿ 2030ರಲ್ಲಿ, ಚಂದ್ರದ್ರೋಣದಲ್ಲಿ 2034ರಲ್ಲಿ ಮತ್ತೆ ನೀಲಿ ಹರಡಬೇಕು. 2022ರಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಹೂ ನೋಡಿದ ನಾಲ್ಕು ವರ್ಷದ ಮಗುವಿಗೆ ಆಗ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಮುಗಿದಿರುತ್ತದೆ. ಆಗ ಅರಳಬೇಕಾದ ಗಿಡಗಳು 2022ರಲ್ಲಿ ಯಾರೂ ಕೀಳದೆ ಬಿಟ್ಟ ಹೂಗಳ ಬೀಜದಿಂದ ಹುಟ್ಟಿದವು. ತಾಳಿದವನು ಬಾಳಿಯಾನು ಎಂಬ ಗಾದೆ ಮನುಷ್ಯನಿಗಾಗಿ ಹುಟ್ಟಿದ್ದು. ಈ ಗಿಡದ ವಿಷಯದಲ್ಲಿ ಅದಕ್ಕೆ ಒಂದು ಮಾತು ಸೇರಿಸಬೇಕು: ಗಿಡ ತಾಳಿದರೆ ಸಾಲದು, ನೋಡಲು ಬಂದವರೂ ತಾಳಬೇಕು.